ನಮ್ಮ ಮನೆಯ ಸುದಸ್ಸನ ಯಾರು?

*ಇಂದಿನ ಧಮ್ಮ ಚಿಂತನೆ*

ಕೋಸಲದ ರಾಜ ಪಸೇನದಿ ಒಂದು ದ್ರೋಣ ಅನ್ನ ಉಂಡು, ಏದುಸಿರು ಬಿಡುತ್ತಾ ಬುದ್ಧರ ಬಳಿ ಬಂದ ಪ್ರಸಂಗ ಸಂಯುತ್ತ ನಿಕಾಯದಲ್ಲಿದೆ. ಬುದ್ಧರು ಮಿತ ಆಹಾರದ ಬಗ್ಗೆ ಒಂದು ಗಾಥೆ ಹೇಳಿದರು. ರಾಜ ತನ್ನ ಮನಸ್ಸನ್ನಷ್ಟೇ ನಂಬಲಿಲ್ಲ. ಸುದಸ್ಸನ ಎಂಬ ಯುವಕನಿಗೆ ದಿನಕ್ಕೆ 100 ಕಹಾಪಣ ಕೊಟ್ಟು, ಪ್ರತಿ ಊಟದಲ್ಲೂ ಆ ಗಾಥೆ ಹೇಳಿಸಿದ. ಊಟ ಕ್ರಮೇಣ ಒಂದು ನಾಳಿಗೆ ಇಳಿಯಿತು, ಮೈ ಹಗುರಾಯಿತು.

ಸಕ್ಕರೆ ಕಾಯಿಲೆಯೆಂದು ಅನ್ನ, ಸಿಹಿ ಕಡಿಮೆ ಮಾಡಿದವರಿಗೆ ಹೊಳೆನರಸೀಪುರದ ಮದುವೆಯಲ್ಲಾಗಲಿ, ಅರಕಲಗೂಡಿನ ನೆಂಟರ ಮನೆಯಲ್ಲಾಗಲಿ "ಒಂದೇ ಒಂದು ಹೋಳಿಗೆ" ಎಂಬ ಒತ್ತಾಯ ತಪ್ಪದು. ಬಡಿಸುವವರ ಪ್ರೀತಿಗೆ ಕೈಮುಗಿಯಿರಿ, ಎಲೆಗೆ ಕೈ ಅಡ್ಡ ಹಿಡಿಯಿರಿ. ಆಸೆ ಎದ್ದರೆ ಮೂರು ಉಸಿರು ಗಮನಿಸಿ, ಎದ್ದದ್ದು ಇಳಿಯುತ್ತದೆ. ರಾಗಿಮುದ್ದೆಯೂ ಪಿಷ್ಟವೇ, ಚಿಕ್ಕ ಮುದ್ದೆ ಸಾಕು, ಸೊಪ್ಪು ಹೆಚ್ಚಿರಲಿ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಊಟ ಇಳಿಸಿ. ಒಮ್ಮೆ ತಪ್ಪಿದರೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಮುಂದಿನ ಊಟದಿಂದ ಮತ್ತೆ ಶುರುಮಾಡಿ.

*ಇಂದಿನ ಅಭ್ಯಾಸ:* ಊಟಕ್ಕೆ ಕೂತಾಗ ನೆನಪಿಸುವಂತೆ ಮಗಳನ್ನೋ ಮೊಮ್ಮಗನನ್ನೋ ಕೇಳಿಕೊಳ್ಳಿ. ಅವರು ನೆನಪಿಸಿದಾಗ ಸಿಟ್ಟಾಗಬೇಡಿ. ರಾಜನೂ ಕೇಳಿಸಿಕೊಂಡ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು 🪷