ನಿದ್ದೆಯೂ ನಿನ್ನ ಡ್ಯೂಟಿಯೇ

ಮಗಳೇ,

ಕೋ-ಪೈಲಟ್ ಕೆಲಸ ಸಿಕ್ಕಿತೆಂದು ಗುಬ್ಬಿಯ ಮನೆಯವರೆಲ್ಲ ಹಿಗ್ಗಿದ್ದಾರೆ. ಆದರೆ ದಿನಾ ತುಮಕೂರಿನಿಂದಲೇ ಓಡಾಡುತ್ತೇನೆ ಅಂದೆಯಂತೆ. ಅದು ಬೇಡ.

ಡ್ಯೂಟಿ ಲೆಕ್ಕ ಶುರುವಾಗುವುದು ನೀನು ಏರ್‌ಪೋರ್ಟಿನಲ್ಲಿ ಹಾಜರಾದಾಗ, ಮನೆ ಬಿಟ್ಟಾಗಲ್ಲ. ನಸುಕಿನ 4ಕ್ಕೆ ದೇವನಹಳ್ಳಿಯಲ್ಲಿರಬೇಕೆಂದರೆ 1 ಗಂಟೆಗೇ ಎದ್ದು ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ದಾರಿ ಹಿಡಿಯಬೇಕು. ಕಾಗದದಲ್ಲಿ 12 ಗಂಟೆಯ ವಿಶ್ರಾಂತಿ ಇರುತ್ತದೆ, ಕಣ್ಣಿಗೆ ನಾಲ್ಕು ಗಂಟೆಯ ನಿದ್ದೆಯೂ ದಕ್ಕಿರುವುದಿಲ್ಲ. ದೇವನಹಳ್ಳಿ ಕಡೆಯೇ ಒಂದು ರೂಮ್ ಮಾಡು.

ಮಂಗಳೂರನ್ನು ನೆನೆದೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಉಳಿದವರು ಎಂಟೇ ಮಂದಿ. ಕಾಕ್‌ಪಿಟ್ ಧ್ವನಿಮುದ್ರಣ ಇದ್ದ ಎರಡು ಗಂಟೆ ಚಿಲ್ಲರೆಯಲ್ಲಿ ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ಕಾಲ ನಿದ್ದೆಯಲ್ಲಿದ್ದರು. ಎಚ್ಚರಾದ ಮೇಲೂ ಬಿಡದ ಆ ಮಂಪರು ತೀರ್ಮಾನವನ್ನು ಕೆಡಿಸಿರಬಹುದೆಂದು ತನಿಖೆ ಹೇಳಿತು. ಇಳಿಸಬೇಡಿ, ಮತ್ತೆ ಮೇಲೇರಿಸಿ ಎಂದು ಕೋ-ಪೈಲಟ್ ಒಮ್ಮೆಯಲ್ಲ, ಮತ್ತೆ ಮತ್ತೆ ಹೇಳಿದ್ದರು. ನೀನು ಕೂರುವುದೂ ಅದೇ ಸೀಟಿನಲ್ಲಿ. ರಾತ್ರಿ 2ರಿಂದ ಬೆಳಿಗ್ಗೆ 6ರವರೆಗೆ ಮೈ ತಾನಾಗಿ ಕುಗ್ಗುತ್ತದೆ. ಎಷ್ಟು ವರ್ಷದ ಅನುಭವವಿದ್ದರೂ ಅದು ತಪ್ಪದು.

ವಿಮಾನಯಾನ ನಿಯಂತ್ರಕ ಡಿಜಿಸಿಎ 2024ರ ಜನವರಿಯಲ್ಲಿ ಹೊಸ ನಿಯಮ ತಂದದ್ದು ಇದಕ್ಕೇ. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು, ರಾತ್ರಿಯ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಿತು. ಪೂರ್ತಿ ಜಾರಿಗೆ ಬಂದದ್ದು 2025ರ ನವೆಂಬರ್‌ನಲ್ಲಿ. ಮರುತಿಂಗಳೇ ಇಂಡಿಗೊದ ಸಾವಿರಾರು ವಿಮಾನಗಳು ರದ್ದಾದವು, ಕೆಂಪೇಗೌಡ ನಿಲ್ದಾಣದಲ್ಲಿ ಜನ ರಾತ್ರಿಗಟ್ಟಲೆ ಕಾದರು. ಆಗ ಎಷ್ಟೋ ಮಂದಿ ನಿಯಮವನ್ನೇ ಬೈದರು. ನಾನು ಒಪ್ಪುವುದಿಲ್ಲ. ಇಂಡಿಗೊಗೆ ಸಿದ್ಧತೆಗೆ ಸಾಕಷ್ಟು ಸಮಯವಿತ್ತು, ಬೇಕಾದಷ್ಟು ಪೈಲಟ್‌ಗಳನ್ನು ಇಟ್ಟುಕೊಳ್ಳಬೇಕಾಗಿತ್ತು. ಕೊನೆಗೆ ಆ ಸಂಸ್ಥೆಗೆ ತಾತ್ಕಾಲಿಕ ವಿನಾಯಿತಿ ಕೊಟ್ಟರಲ್ಲ, ಅದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಆ 48 ಗಂಟೆಯಲ್ಲಿ ಎರಡು ರಾತ್ರಿ ಸೇರಿರಬೇಕು ಅನ್ನುತ್ತದೆ ನಿಯಮ. ಆ ಎರಡೂ ರಾತ್ರಿ ಮಲಗು. ಗುಬ್ಬಿ ಜಾತ್ರೆ, ಕುಣಿಗಲ್‌ನ ಮದುವೆ ಎಂದು ನಿದ್ದೆಗೆಟ್ಟು ಬಂದು ಮರುದಿನ ವಿಮಾನ ಹತ್ತಬೇಡ. ಆಗದ ದಿನ ಆಗುವುದಿಲ್ಲ ಎಂದು ಹೇಳಿಬಿಡು, ಬರಹದಲ್ಲೇ ಕೊಡು. ಹೊಸಬಳು, ಏನಂದುಕೊಂಡಾರೋ ಎಂಬ ಸಂಕೋಚ ಬೇಡವೇ ಬೇಡ.

ಮದುವೆಯ ಬಗ್ಗೆ ಕುಣಿಗಲ್ ಚಿಕ್ಕಮ್ಮನಿಗೆ ನಾನೇ ತಿಳಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳುವುದಿಲ್ಲ. ರೂಮಿನ ಅಡ್ವಾನ್ಸ್ ಎಷ್ಟೆಂದು ತಿಳಿಸು, ಕಳಿಸುತ್ತೇನೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ