ಯಶೋದೆಯನ್ನು ಬರೆಯುವವಳ ಪಾಠಗಳು

ಬನ್ನೂರಿನಲ್ಲೇ ಕೂತು ಮೈಸೂರು ಶೈಲಿಯ ಚಿತ್ರ ಬರೆಯುತ್ತೇನೆ. ಗೃಹಪ್ರವೇಶ, ನಾಮಕರಣ ಅಂತ ಬರುವವರು ಹೆಚ್ಚಾಗಿ ಕೇಳುವುದು ಯಶೋದೆ-ಕೃಷ್ಣನನ್ನೇ. ಮಕ್ಕಳ ಜೊತೆಗೇ ಈ ಕಸುಬನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ಕೆಲವು ಮಾತು.

1. ನಡುವೆ ಎದ್ದು ಹೋಗಬಹುದಾದ ಕೆಲಸ ಯಾವುದು, ಹೋಗಬಾರದ್ದು ಯಾವುದು ಎಂದು ಮೊದಲೇ ಬೇರೆ ಮಾಡಿಕೊಳ್ಳಿ. ಹಿನ್ನೆಲೆಗೆ ಬಣ್ಣ ತುಂಬುವುದು, ಕೊನೆಯಲ್ಲಿ ತೆಳು ಕಾಗದವಿಟ್ಟು ನುಣುಪು ಕಲ್ಲಿನಿಂದ ಉಜ್ಜುವುದು ಮಗು ಕಾಲು ಸುತ್ತುತ್ತಿದ್ದರೂ ಸಾಗುತ್ತದೆ. ಜೆಸ್ಸೊ (ಒಡವೆ ಉಬ್ಬಿ ಕಾಣಲು ಹಚ್ಚುವ ಲೇಪ) ಮತ್ತು ಚಿನ್ನದ ರೇಕು ಹಾಗಲ್ಲ. ನಮ್ಮ ಜೆಸ್ಸೊ ತಂಜಾವೂರಿನದರಷ್ಟು ದಪ್ಪ ಉಬ್ಬುವುದಿಲ್ಲ. ಕುಂಚದ ತುದಿಯಿಂದ ಎಳೆಎಳೆಯಾಗಿ ಇಡಬೇಕು, ಹದ ಕೆಡುವುದರೊಳಗೆ ಮುಗಿಸಬೇಕು. ರೇಕು ಹಚ್ಚುವಾಗ ಫ್ಯಾನ್ ಆರಿಸಿ, ಉಸಿರನ್ನೂ ಪಕ್ಕಕ್ಕೆ ಬಿಡಬೇಕು. ಅಂಟು ಒಣಗಿಹೋದರೆ ರೇಕು ಕೂರುವುದಿಲ್ಲ, ತೀರಾ ಹಸಿಯಿದ್ದರೆ ಮುದುಡುತ್ತದೆ. ಆ ಹೊತ್ತಿಗೆ ಮಗುವನ್ನು ಎತ್ತಿಕೊಳ್ಳಲು ಇನ್ನೊಬ್ಬರು ಬೇಕೇ ಬೇಕು. “ಅತ್ತೆ, ಸ್ವಲ್ಪ ನೋಡ್ಕೊಳ್ಳಿ, ಚಿತ್ರ ಬರೀಬೇಕು” ಅಂದರೆ ಯಾರೂ ಏಳುವುದಿಲ್ಲ. “ಚಿನ್ನ ಹಚ್ತಾ ಇದೀನಿ” ಅನ್ನಿ, ಮನೆಯೇ ಸುಮ್ಮನಾಗುತ್ತದೆ!

2. ಬಸುರಿಯಾಗಿದ್ದರೆ ಜೆಸ್ಸೊಗೆ ಬೆರೆಸುವ ಬಿಳಿ ಪುಡಿ, ಸಫೇದದ ಡಬ್ಬಿಯ ಮೇಲೆ ಏನು ಬರೆದಿದೆಯೆಂದು ಓದಿ. ಹಳಬರ ಮಿಶ್ರಣದಲ್ಲಿ ಸೀಸದ ಬಿಳುಪು ಇರುತ್ತಿತ್ತು. ಸೀಸ ತಾಯಿಯ ರಕ್ತದಿಂದ ಹೊಟ್ಟೆಯ ಕೂಸಿಗೆ ದಾಟುತ್ತದೆ. ಜಿಂಕ್ ಬಿಳುಪು ಸಾಕು. ಕುಂಚದ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡುವ ಚಾಳಿ ಬಿಡಿ, ಗುರುಗಳೇ ಹಾಗೆ ಮಾಡುತ್ತಿದ್ದರೂ. ಜೆಸ್ಸೊಗೇ ಬೆರೆಸುವ ಹಳದಿ ಮರದಂಟು, ರೇವಲ್‌ಚಿನ್ನಿ ಹಾಲನ್ನು ಮಕ್ಕಳ ಕೈಗೆ ಎಟುಕದ ಹಾಗಿಡಿ, ಹೊಟ್ಟೆಗೆ ಹೋದರೆ ಭೇದಿ ಹತ್ತಿಕೊಳ್ಳುತ್ತದೆ.

3. ತಾಯಿಯ ಚಿತ್ರ ಬರೆಯಲು ತಾಯಿಯೇ ಆಗಿರಬೇಕಿಲ್ಲ. ತಾಯಿ-ಮಗುವಿನ ಚಿತ್ರಗಳಿಗೇ ಹೆಸರಾದ ಮೇರಿ ಕಸಾಟ್ ಮದುವೆಯಾಗಲಿಲ್ಲ. ಬರ್ತ್ ಮೊರಿಸೊ 1872ರಲ್ಲಿ ಬರೆದ ತೊಟ್ಟಿಲ ಚಿತ್ರದಲ್ಲಿ ಕೂತಿರುವುದು ಆಕೆಯ ಅಕ್ಕ ಎಡ್ಮಾ. ಎಡ್ಮಾ ತಂಗಿಯ ಜೊತೆಗೇ ಚಿತ್ರ ಕಲಿತವಳು, ಮದುವೆಯಾದ ಮೇಲೆ ಬಿಟ್ಟಳು. ನೋಡಿದವರೆಲ್ಲ ಕೂಸು ಎಷ್ಟು ಮುದ್ದಾಗಿದೆ ಅನ್ನುತ್ತಾರೆ. ನನಗೆ ಕಾಣುವುದು ತೊಟ್ಟಿಲ ಪರದೆ ಹಿಡಿದಿರುವ ಎಡ್ಮಾಳ ಕೈ.

4. ಗಿರಾಕಿಯ ಯಶೋದೆಗೆ ನಿದ್ದೆಗೆಟ್ಟ ಕಣ್ಣಿರುವುದಿಲ್ಲ. ಮೈಮೇಲೆ ಒಡವೆ, ಮಡಿಲಲ್ಲಿ ಕೃಷ್ಣ, ಮುಖದಲ್ಲಿ ನಗು. ಅದನ್ನು ಕೇಳಿದ ಹಾಗೇ ಬರೆದುಕೊಡಿ, ಹೊಟ್ಟೆಪಾಡು. ಆದರೆ ಇದೇ ಮೈಸೂರಿನ ಕಾದಂಬರಿಗಾರ್ತಿ ತ್ರಿವೇಣಿ ‘ಶರಪಂಜರ’ದಲ್ಲಿ ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿಯನ್ನು ಬರೆದರು, 1971ರಲ್ಲಿ ನಿರ್ದೇಶಕ ಪುಟ್ಟಣ್ಣ ಕಣಗಾಲರು ಆ ಪಾತ್ರವನ್ನು ನಟಿ ಕಲ್ಪನಾ ಅವರಿಂದ ಮಾಡಿಸಿ ಕಾದಂಬರಿಯನ್ನು ತೆರೆಗೆ ತಂದರು. ಸಿನಿಮಾ ನೋಡಲು ತ್ರಿವೇಣಿ ಇರಲಿಲ್ಲ. 1963ರಲ್ಲಿ, ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರು. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಭಾರತಮಾತೆಯ ವೇಷವನ್ನು ತಾವೇ ತೊಟ್ಟು ಕ್ಯಾಮೆರಾ ಮುಂದೆ ನಿಂತರು. ಪೂಜೆಯ ಪಟದ ತಾಯಿ ಎಷ್ಟು ನಾಟಕದವಳು ಎಂಬುದು ಆ ಫೋಟೋಗಳಲ್ಲಿ ಕಾಣುತ್ತದೆ. ಆದ್ದರಿಂದ ಆರ್ಡರಿನ ಹೊರಗೆ ನಿಮ್ಮದೇ ಒಂದು ನೋಟ್‌ಬುಕ್ ಇರಲಿ. ತಲೆಗೆ ಬಟ್ಟೆ ಕಟ್ಟಿಕೊಂಡ ಬಾಣಂತಿ, ಸಾಂಬ್ರಾಣಿ ಹೊಗೆ, ಹಾಲು ಸೋರಿದ ರವಿಕೆ ಅದರೊಳಗೆ ಬರಲಿ. ಯಾರೂ ಕೊಳ್ಳದಿದ್ದರೂ ಸರಿ.

5. ಹೆಸರು ಹಾಕಿ. “ದೇವರ ಪಟಕ್ಕೆ ಯಾಕಮ್ಮ ಹೆಸರು?” ಅನ್ನುವವರಿಗೆ ಪಕ್ಕದ ಸೋಮನಾಥಪುರ ತೋರಿಸಿ. ಅಲ್ಲಿನ ಹದಿಮೂರನೇ ಶತಮಾನದ ಕೇಶವ ದೇವಾಲಯದಲ್ಲಿ ಶಿಲ್ಪಿ ಮಲ್ಲಿತಮ್ಮ ದೇವರ ಮೂರ್ತಿಗಳ ಕೆಳಗೇ ಹೆಸರು ಕೆತ್ತಿದ್ದಾನೆ.

6. “ಮನೇಲೇ ಇರ್ತೀರಲ್ಲ ಅಕ್ಕ, ನೋಡಿ ಹೇಳಿ” ಎಂಬ ಚೌಕಾಸಿಗೆ ಚೀಟಿಯೇ ಉತ್ತರ. ಹಲಗೆ, ರೇಕು, ಚೌಕಟ್ಟು, ಗಾಜು ಬೇರೆ ಬೇರೆ ಸಾಲಿನಲ್ಲಿ ಬರೆದು, ಕೈಕೂಲಿಯನ್ನು ಎಲ್ಲಕ್ಕಿಂತ ಮೇಲಿಡಿ. ಅಡ್ವಾನ್ಸ್ ಕೈಗೆ ಬರುವ ತನಕ ರೇಕಿನ ಪೊಟ್ಟಣ ಬಿಚ್ಚಬೇಡಿ.