ಬಾಲಸಾಹಿತ್ಯದ ಹಳೆಯ ಪಠ್ಯಗಳು ಮತ್ತು ಓದುಗರ ವಿಮರ್ಶೆ: ಜವಳಗೇರಾ ಪರಿಸರದ ಕೆಲವು ಓದುಗಳು

1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆ ಮಂಗೇಶರಾಯರು (1874-1937) ಅಧ್ಯಕ್ಷರಾಗಿದ್ದರು. ಸಮ್ಮೇಳನಗಳ ಚರಿತ್ರೆಯಲ್ಲಿ ಒಂದು ಸಾಲಿಗೆ ಮುಗಿದುಹೋಗುವ ಸಂಗತಿಯಿದು. ಬಾಲಸಾಹಿತ್ಯದ ಕಡೆಯಿಂದ ನೋಡಿದಾಗ ಮಾತ್ರ ಅದರೊಳಗಿನ ವೈಚಿತ್ರ್ಯ ಕಾಣುತ್ತದೆ. ಮಕ್ಕಳ ಬಾಯಿಗೆ ಹೊಂದುವ ಕನ್ನಡವನ್ನು ಕರಾವಳಿಯ ಶಾಲೆಗಳ ನಡುವೆ ನಿಂತು ರೂಪಿಸಿದ 'ಕವಿಶಿಷ್ಯ' ಅಧ್ಯಕ್ಷಪೀಠದಲ್ಲಿ ಕುಳಿತಿದ್ದ ಊರು ಆಗ ನಿಜಾಮ ಸಂಸ್ಥಾನದಲ್ಲಿತ್ತು. ಅಲ್ಲಿನ ಆಡಳಿತ ಭಾಷೆ ಉರ್ದು. ಪ್ರಾಥಮಿಕ ಹಂತವನ್ನು ದಾಟಿದ ಮಗುವಿನ ಶಿಕ್ಷಣ ಮಾಧ್ಯಮವೂ ಉರ್ದುವೇ. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ತರುವಾಯ ಪಂಜೆ, ರಾಜರತ್ನಂ, ಕುವೆಂಪು ಅವರ ಮಕ್ಕಳ ಪದ್ಯಗಳು ಇಲ್ಲಿನ ಹಳ್ಳಿಯ ಮನೆಗಳಿಗೆ ತಲುಪಿದ್ದು ಬಹುಮಟ್ಟಿಗೆ ಪಠ್ಯಪುಸ್ತಕದ ಹಾದಿಯಿಂದ. ಬೇರೆಡೆ ಅಜ್ಜಿಯ ಮಡಿಲಿನಲ್ಲಿ ಕೇಳಿದ ಪದ್ಯ ಇಲ್ಲಿ ಬಾಯಿಪಾಠವಾಗಿ, ಪ್ರಶ್ನೋತ್ತರವಾಗಿ ಬಂತು.

ಈ ವ್ಯತ್ಯಾಸವನ್ನು ನಮ್ಮ ಬಾಲಸಾಹಿತ್ಯ ವಿಮರ್ಶೆ ಗಂಭೀರವಾಗಿ ಪರಿಗಣಿಸಿಲ್ಲವೆಂಬುದು ಪ್ರಸ್ತುತ ಲೇಖನದ ನಿಲುವು. ಹಳೆಯ ಮಕ್ಕಳ ಕೃತಿಗಳನ್ನು ಕುರಿತ ಬರಹಗಳಲ್ಲಿ ಎರಡು ಧೋರಣೆಗಳು ಪ್ರಧಾನವಾಗಿವೆ. ಮೊದಲನೆಯದನ್ನು ನೆನಪಿನ ವಿಮರ್ಶೆ ಎನ್ನಬಹುದು: ತಾನು ಬಾಲ್ಯದಲ್ಲಿ ಹಾಡಿ ನಲಿದದ್ದರಿಂದ ಕೃತಿ ಶ್ರೇಷ್ಠ ಎನ್ನುವ ವಾದ. ಎರಡನೆಯದು ತೀರ್ಪಿನ ವಿಮರ್ಶೆ: ಜಾತಿ, ಲಿಂಗ, ಹಿಂಸೆ, ಮೌಢ್ಯಗಳ ಇಂದಿನ ಅರಿವನ್ನು ಮುಂದಿಟ್ಟುಕೊಂಡು ಕೃತಿಯನ್ನು ಅಂಗೀಕರಿಸುವ ಅಥವಾ ತಿರಸ್ಕರಿಸುವ ಕ್ರಮ. ಎರಡನೆಯದು ಅಗತ್ಯವಾಗಿತ್ತು, ಈಗಲೂ ಅಗತ್ಯ. ಆದರೆ ಎರಡರಲ್ಲೂ ಮಾತನಾಡುವವರು ವಿದ್ಯಾವಂತ ವಯಸ್ಕರು; ಎರಡರಲ್ಲೂ 'ಮಗು' ಎಂಬುದು ಊರು, ಮನೆಮಾತು, ಕಸುಬುಗಳಿಲ್ಲದ ಒಂದು ಕಲ್ಪಿತ ವ್ಯಕ್ತಿ. 2022ರ ಪಠ್ಯಪುಸ್ತಕ ಪರಿಷ್ಕರಣೆಯ ವಿವಾದದಲ್ಲಿಯೂ ಚರ್ಚೆ ಹೆಚ್ಚಾಗಿ ಯಾವ ಲೇಖಕರು ಇರಬೇಕು, ಯಾರು ಹೋಗಬೇಕು ಎಂಬುದರ ಸುತ್ತಲೇ ನಡೆಯಿತು. ಇರುವ ಪದ್ಯವನ್ನು ಮಗು ಹೇಗೆ ಓದುತ್ತದೆಂಬ ಪ್ರಶ್ನೆ ಬದಿಗೇ ಉಳಿಯಿತು.

ಇಲ್ಲಿ ಚರ್ಚಿಸುತ್ತಿರುವುದು ಸಿಂಧನೂರು ತಾಲೂಕಿನ ಜವಳಗೇರಾ ಹಾಗೂ ಅದರ ಸುತ್ತಲಿನ ಊರುಗಳಲ್ಲಿ ಶಿಕ್ಷಕರು, ತಾಯಂದಿರು, ಶಾಲೆ ಬಿಟ್ಟು ಬಹುಕಾಲವಾದ ಕೂಲಿಕಾರರೊಂದಿಗೆ ಬೇರೆ ಬೇರೆ ಸಂದರ್ಭಗಳಲ್ಲಿ ನಡೆಸಿದ ಮಾತುಕತೆಯಲ್ಲಿ ಕೇಳಿಬಂದ ಅಭಿಪ್ರಾಯಗಳನ್ನು. ಇದು ಸಮೀಕ್ಷೆಯಲ್ಲ, ಅಂಕಿಸಂಖ್ಯೆಗಳ ಆಧಾರ ಇದಕ್ಕಿಲ್ಲ. ಇವನ್ನು 'ಸಾಮಾನ್ಯ ಓದುಗರ ಪ್ರತಿಕ್ರಿಯೆ' ಎಂದು ಕ್ಷೇತ್ರಕಾರ್ಯದ ಕಡತದಲ್ಲಿ ಇಡುವ ಬದಲು ವಿಮರ್ಶೆಯೆಂದೇ ಓದಬಹುದೇ ಎಂಬುದನ್ನು ಪರಿಶೀಲಿಸುವುದು ನನ್ನ ಉದ್ದೇಶ.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಈ ಮಾತುಕತೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣಿಸಿಕೊಂಡ ಕೃತಿ. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಹ್ಯಾಮೆಲಿನ್ ಪಟ್ಟಣದ ಕೊಳಲುಗಾರನ ಕಥನಕವನವನ್ನು ಕುವೆಂಪು ತುಂಗೆಯ ದಡಕ್ಕೆ ತಂದರು. ನಗರಸಭೆಯ ಮೇಯರನ ಜಾಗದಲ್ಲಿ ಊರ ಗೌಡನನ್ನು, ಕೊಳಲುಗಾರನ ಜಾಗದಲ್ಲಿ ಜೋಗಿಯನ್ನು ನಿಲ್ಲಿಸಿದರು. ವಿಮರ್ಶಕರು ಇದನ್ನು ರೂಪಾಂತರದ ಯಶಸ್ಸಿಗೆ, ಲಯದ ಓಟಕ್ಕೆ, ಇಲಿಗಳ ಪಟ್ಟಿ ಹುಟ್ಟಿಸುವ ನಗೆಗೆ ಮೆಚ್ಚಿಕೊಂಡಿದ್ದಾರೆ. ಆ ಮೆಚ್ಚುಗೆಯಲ್ಲಿ ತಪ್ಪೇನಿಲ್ಲ. ಜವಳಗೇರಾದ ಓದುಗರೂ ಇಲಿಗಳಿಗೆ ನಗುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆಯವರಿಗೆ ಇಲಿಯ ಕಾಟವನ್ನು ಯಾರೂ ವಿವರಿಸಬೇಕಾಗಿಲ್ಲ. (ಕವನದ ಇಲಿಗಳು ಮುಳುಗಿದ ತುಂಗೆಯ ನೀರೇ ಭದ್ರೆಯನ್ನು ಕೂಡಿಕೊಂಡು, ಅಣೆಕಟ್ಟಿನಲ್ಲಿ ನಿಂತು, ಈ ಕಾಲುವೆಗೆ ಬರುತ್ತದೆ. ತರಗತಿಯಲ್ಲಿ ಹೇಳಿದರೆ ಮಕ್ಕಳು ಮುಖ ಹಿಂಡುತ್ತಾರೆ.) ಆದರೆ ನಗೆ ಮುಗಿದ ಮೇಲೆ ಇಲ್ಲಿನ ಓದು ಬೇರೊಂದು ದಾರಿ ಹಿಡಿಯುತ್ತದೆ. ಎಳವೆಯಲ್ಲಿ ಈ ಪದ್ಯವನ್ನು ಶಾಲೆಯಲ್ಲಿ ಕಲಿತು, ಈಗ ನಾಟಿ ಕೆಲಸಕ್ಕೆ ಹೋಗುವ ಒಬ್ಬ ತಾಯಿ ಕಥೆಯನ್ನು ಒಂದೇ ಮಾತಿನಲ್ಲಿ ಹೇಳಿದರು: "ಅದು ಕೂಲಿ ಕೊಡದ ಗೌಡನ ಕಥಿ ಅಲ್ಲೇನ್ರಿ?" ಸ್ವಲ್ಪ ತಡೆದು ಕೇಳಿದರು: "ಗೌಡ ಕೂಲಿ ಕೊಡಲಿಲ್ಲ, ಸರಿ. ಅದಕ್ಕ ಊರಾಗಿನ ಹುಡುಗ್ರು ಯಾಕ ಹೋಗಬೇಕ್ರಿ? ಜೋಗಿ ಗೌಡನ್ನ ಯಾಕ ಕರಕೊಂಡು ಹೋಗಲಿಲ್ಲ?"

ಈ ಎರಡು ಪ್ರಶ್ನೆಗಳ ವಿಮರ್ಶಾತ್ಮಕ ಮೌಲ್ಯ ಕಡಿಮೆಯದಲ್ಲ. ಮೊದಲನೆಯದು ಕೃತಿಯ ವಸ್ತುವನ್ನು ಮರುವ್ಯಾಖ್ಯಾನಿಸುತ್ತದೆ. 'ಕೊಟ್ಟ ಮಾತು ತಪ್ಪಬಾರದು' ಎಂದು ಪ್ರಶ್ನಪತ್ರಿಕೆಗಳು ಬರೆಸುವ ನೀತಿ ಇಬ್ಬರು ಸಮಾನರ ನಡುವಿನ ಮಾತನ್ನು ಕುರಿತದ್ದು. ಕೂಲಿ ಎಂಬ ಶಬ್ದ ಬಂದೊಡನೆ ಆ ಸಮಾನತೆ ಒಡೆಯುತ್ತದೆ. ಕೆಲಸ ಮುಗಿಯುವವರೆಗೆ ಬೇಕಾದವನು, ಮುಗಿದೊಡನೆ ಬೇಡವಾದವನು ಎಂಬ ಸಂಬಂಧ ಕಾಣುತ್ತದೆ. ಎರಡನೆಯ ಪ್ರಶ್ನೆ ಕೃತಿಯ ನ್ಯಾಯವನ್ನೇ ಹಿಡಿದು ನಿಲ್ಲಿಸುತ್ತದೆ. ತಪ್ಪು ಮಾಡಿದವನು ಅಧಿಕಾರಸ್ಥ. ದಂಡ ತೆತ್ತವರು ಮಕ್ಕಳು. ಬ್ರೌನಿಂಗನಲ್ಲಿಯೂ ಇದು ಹೀಗೆಯೇ ಇದೆ, ಮೂಲದ ಜರ್ಮನ್ ಐತಿಹ್ಯದಲ್ಲಿಯೂ ಹೀಗೆಯೇ ಇದೆ ಎಂದು ನಾವು ಉತ್ತರಿಸಬಹುದು. ಅದು ಆಕರದ ಮಾಹಿತಿಯಾಯಿತು; ಪ್ರಶ್ನೆ ಉಳಿದೇ ಇರುತ್ತದೆ.

ಇದೇ ಕವನದ ಬಗ್ಗೆ ಮಸ್ಕಿ ಕಡೆಯ ಒಣಭೂಮಿಯ ಹಳ್ಳಿಯೊಂದರ ಶಿಕ್ಷಕರು ಹೇಳಿದ ಸಂಗತಿ ನನ್ನನ್ನು ಹೆಚ್ಚು ಕಾಲ ಕಾಡಿತು. ಸುಗ್ಗಿ ಮುಗಿದ ಮೇಲೆ ಗುಳೆ ಹೊರಡುವ ಕುಟುಂಬಗಳ ಜೊತೆಗೆ ಮಕ್ಕಳೂ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರುಗಳಿರುತ್ತವೆ, ಬೆಂಚುಗಳು ಖಾಲಿ. ಅಜ್ಜ-ಅಜ್ಜಿಯರ ಬಳಿ ಬಿಟ್ಟುಹೋದ ಒಂದಿಬ್ಬರು ಉಳಿಯುತ್ತಾರೆ. ಅಂಥ ತಿಂಗಳೊಂದರಲ್ಲಿ ಈ ಕವನವನ್ನು ಕಲಿಸುವಾಗ, ಜೋಗಿಯ ಹಿಂದೆ ಹೋಗಲಾರದೆ ಒಬ್ಬನೇ ಉಳಿಯುವ ಕುಂಟ ಬಾಲಕನ ಭಾಗಕ್ಕೆ ಬಂದು ಅವರು ಪಾಠ ನಿಲ್ಲಿಸಿದರಂತೆ. "ಮುಂದ ಓದಾಕ ಆಗಲಿಲ್ರಿ" ಎಂದಷ್ಟೇ ಹೇಳಿದರು. ವಿಮರ್ಶೆಯ ಪರಿಭಾಷೆಯಲ್ಲಿ ಇದು ಪಠ್ಯ ಮತ್ತು ಸಂದರ್ಭಗಳ ಮುಖಾಮುಖಿ. ಮಕ್ಕಳು ಗುಡ್ಡದೊಳಗೆ ಮಾಯವಾಗುವುದು ನೆನಪಿನ ವಿಮರ್ಶೆಗೆ ಅದ್ಭುತರಸ, ತೀರ್ಪಿನ ವಿಮರ್ಶೆಗೆ ಮಗುವನ್ನು ಹೆದರಿಸುವ ಕ್ರೌರ್ಯ. ಇಲ್ಲಿ ಅದು ಪ್ರತಿವರ್ಷದ ವಾಸ್ತವ. ಹಾಗೆಂದು ಈ ಶಿಕ್ಷಕರು ಪದ್ಯವನ್ನು ಪಠ್ಯದಿಂದ ತೆಗೆಯಬೇಕೆಂದು ಹೇಳಲಿಲ್ಲ. ಮಕ್ಕಳು ಹಿಂದಿರುಗಿದ ಮೇಲೆ ಮತ್ತೆ ಮೊದಲಿನಿಂದ ಕಲಿಸಿದರು.

ಜಿ. ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯದ ವಿಷಯದಲ್ಲಿ ಅಭಿಪ್ರಾಯಗಳು ಇಷ್ಟು ಉದಾರವಾಗಿರಲಿಲ್ಲ. ಹುಡುಗನೊಬ್ಬ ಕಾಸು ಕೊಟ್ಟು ಬಣ್ಣದ ತಗಡಿನ ತುತ್ತೂರಿ ಕೊಳ್ಳುತ್ತಾನೆ, ತನಗೊಬ್ಬನಿಗೇ ಇದೆಯೆಂದು ಬೀಗುತ್ತಾನೆ, ಅದು ನೀರಿಗೆ ಬಿದ್ದು ಕೆಡುತ್ತದೆ; ಜಂಬ ಇಳಿಯುತ್ತದೆ. ಪದ್ಯದ ನಾದವನ್ನು ಯಾರೂ ಅಲ್ಲಗಳೆಯಲಿಲ್ಲ. ಅಂಬಾಮಠದ ಜಾತ್ರೆಯಲ್ಲಿ ಪೀಪಿ ಕೊಡಿಸಿಕೊಂಡು ಬಂದ ಮಗು ಊರಿಗೆಲ್ಲ ಕೇಳುವಂತೆ ಊದುವುದನ್ನು ಕಂಡವರಿಗೆ ಆ ಸಂಭ್ರಮ ಗೊತ್ತು. ಆಕ್ಷೇಪವಿರುವುದು ಕೊನೆಯ ಬಗ್ಗೆ. ವರ್ಷಕ್ಕೊಮ್ಮೆ ಒಂದು ಆಟಿಕೆ ಕಾಣುವ ಮಗು ಅದನ್ನು ಹೇಳಿಕೊಳ್ಳದೆ ಇದ್ದೀತೇ? ಹೇಳಿಕೊಂಡದ್ದೇ ಅಪರಾಧವೇ? ತುಂಬಿದ ಮನೆಯ ಮಗುವಿನ ಜಂಬಕ್ಕೂ ಬರಿಗೈಯ ಮಗುವಿನ ಹಿಗ್ಗಿಗೂ ಇರುವ ಅಂತರವನ್ನು ಪದ್ಯ ಗುರುತಿಸುವುದಿಲ್ಲ ಎಂಬುದು ಈ ಆಕ್ಷೇಪದ ತಿರುಳು. ನನ್ನ ಮಟ್ಟಿಗೆ ಹೇಳುವುದಾದರೆ, ಪದ್ಯ ನೀತಿಪಾಠಕ್ಕಿಂತ ಹೆಚ್ಚಾಗಿ ಮಗುವಿನ ಪೆಚ್ಚುತನವನ್ನು ನಗುನಗುತ್ತ ತೋರಿಸುವ ಚಿತ್ರ; ನೀತಿಯನ್ನು ಬಲವಾಗಿ ಅಂಟಿಸಿದ್ದು ಪಾಠದ ಕೊನೆಯ ಅಭ್ಯಾಸಗಳು. ಆದರೂ ಆಕ್ಷೇಪವನ್ನು ತಳ್ಳಿಹಾಕಲು ಈ ಸಮಾಧಾನ ಸಾಲದು. ಪಠ್ಯಪುಸ್ತಕದ ಮೂಲಕವೇ ಪದ್ಯವನ್ನು ಪಡೆದವರಿಗೆ ಅಭ್ಯಾಸದ ಪ್ರಶ್ನೆಗಳೂ ಪದ್ಯದ ಭಾಗವೇ ಆಗಿರುತ್ತವೆ.

ಪಂಜೆಯವರ 'ನಾಗರ ಹಾವೆ' ಕುರಿತು ಹೇಳುವುದಾದರೆ, ಗದ್ದೆಯ ಬದುವಿನಲ್ಲಿ ಹಾವನ್ನು ದಿನವೂ ಎದುರಿಸುವವರ ಮೊದಲ ಪ್ರತಿಕ್ರಿಯೆ ಭಯ. ಹಾವನ್ನು ಕೈಮುಗಿದು ಕರೆಯುವ, ಹಾಲು ಕೊಡುತ್ತೇನೆನ್ನುವ ಪದ್ಯವನ್ನು ಮಗುವಿಗೆ ಹೇಳಿಕೊಡುವುದು ಹೇಗೆ ಎಂಬ ಪ್ರಶ್ನೆ ತಮಾಷೆಯದಲ್ಲ. ಹಾವು ಕಡಿತದ ಸಾವುಗಳನ್ನು ಕಂಡ ಊರುಗಳಿವು. ಗಮನಾರ್ಹವಾದುದೆಂದರೆ, ಈ ಭಯವನ್ನು ಹೇಳಿದವರೇ ಪದ್ಯವನ್ನು ಪೂರ್ತಿ ಹಾಡಿ ತೋರಿಸಿದರು, ಪ್ರತಿ ನುಡಿಯ ಕೊನೆಗೆ ಮರುಕಳಿಸುವ ಒಂದಕ್ಷರದ ಪಲುಕುಗಳಲ್ಲಿ ದನಿಯನ್ನು ಏರಿಳಿಸುತ್ತ. ಬಡವರಿಗೆ ಹೊನ್ನು ತಂದುಕೊಡು ಎಂದು ಹಾವನ್ನು ಕೇಳುವ ಭಾಗದಲ್ಲಿ ಒಬ್ಬರು ನಿಂತು "ಇದನ್ನ ಸಾಲ್ಯಾಗ ಯಾರೂ ಬಿಡಿಸಿ ಹೇಳಲಿಲ್ಲ ನೋಡ್ರಿ" ಎಂದರು. ಲಯದ ಬಲದಿಂದ ಪದ್ಯ ಉಳಿದುಕೊಂಡಿತು. ಅರ್ಥ ಅನೇಕ ವರ್ಷಗಳ ನಂತರ, ಪ್ರೌಢ ವಯಸ್ಸಿನಲ್ಲಿ, ಹಿಂದಿನಿಂದ ಬಂದು ಕೂಡಿಕೊಂಡಿತು. ಬಾಲಸಾಹಿತ್ಯದ ಗ್ರಹಿಕೆ ಬಾಲ್ಯಕ್ಕೆ ಮುಗಿಯುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

'ಗೋವಿನ ಹಾಡಿ'ನ ಬಗ್ಗೆ ಈಗಾಗಲೇ ಸಾಕಷ್ಟು ವಾಗ್ವಾದ ನಡೆದಿರುವುದರಿಂದ ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ. ಇದರ ಪರ-ವಿರೋಧದ ಅಭಿಪ್ರಾಯಗಳಲ್ಲಿ ಬಹುಪಾಲು, ದೀರ್ಘವಾದ ಮೂಲಪಾಠವನ್ನು ಬಿಟ್ಟು ಪಠ್ಯಪುಸ್ತಕಗಳ ಸಂಗ್ರಹ ಪಾಠವನ್ನು ಆಧರಿಸಿವೆ. ಹುಲಿಯ ಸಾವು ಅನ್ಯಾಯವೆಂದು ಮಕ್ಕಳು ಸಾಮಾನ್ಯವಾಗಿ ಎತ್ತುವ ತಕರಾರು, ಹುಲಿ ಮತ್ತೇನು ತಿನ್ನಬೇಕಿತ್ತು ಎಂಬ ಪ್ರಶ್ನೆ, ಯಾವ ಪಾಠದಲ್ಲಿ ಎಷ್ಟು ತೀವ್ರವಾಗುತ್ತದೆಂಬುದನ್ನು ಹೋಲಿಸಿ ನೋಡುವ ಕೆಲಸ ಆಗಬೇಕಾಗಿದೆ.

ಇಷ್ಟರವರೆಗೆ ಹೇಳಿದವರೆಲ್ಲ ಕನ್ನಡ ಮನೆಮಾತಿನವರು. ಸಿಂಧನೂರು ಪರಿಸರದ ಚಹರೆಯಾದರೋ ಬಹುಭಾಷಿಕ. ಕಾಲುವೆಯ ನೀರಿನ ಜೊತೆಗೆ ಆಂಧ್ರದಿಂದ ಬಂದು ನೆಲೆಸಿದ ರೈತರ 'ಕ್ಯಾಂಪು'ಗಳಲ್ಲಿ ತೆಲುಗು, ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ, ತಾಂಡಾಗಳಲ್ಲಿ ಲಂಬಾಣಿ, ಪೇಟೆಯಲ್ಲಿ ಉರ್ದು. ಇವರ ಮಕ್ಕಳಲ್ಲಿ ಕನ್ನಡ ಶಾಲೆಗೆ ಬರುವವರಿಗೆ ಪಂಜೆಯವರ ಪದ್ಯ ಎರಡನೆಯ ಭಾಷೆಯ ಮೊದಲ ಪದ್ಯ. ತೆಲುಗು ಮನೆಯ ಹಿರಿಯರೊಬ್ಬರಿಗೆ ಬಾಲ್ಯದ ಓದೆಂದರೆ 'ಚಂದಮಾಮ'. 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾದ ಆ ಪತ್ರಿಕೆ ಎರಡು ವರ್ಷಗಳ ತರುವಾಯ ಕನ್ನಡಕ್ಕೂ ಬಂದಿತ್ತು. ತಾವು ತೆಲುಗಿನಲ್ಲಿ ಓದಿದ ಕಥೆಯನ್ನೇ ಮಗ ಕನ್ನಡದಲ್ಲಿ ಓದಿದನೆಂದೂ ಮನೆಯಲ್ಲಿ ಇಬ್ಬರೂ ಕೂಡಿ ಮಾತನಾಡಲು ಸಾಧ್ಯವಾದ ಏಕೈಕ ಪುಸ್ತಕ ಅದೆಂದೂ ಅವರು ಹೇಳಿದರು. ಪುರಾಣ, ರಾಜಕುಮಾರ, ಬೇತಾಳಗಳ ಪುನರುಕ್ತಿಯನ್ನು ನಾವು ಆ ಪತ್ರಿಕೆಯ ದೋಷವೆಂದು ಎಣಿಸುತ್ತ ಬಂದಿದ್ದೇವೆ. ಭಾಷೆ ಬದಲಾದ ಮನೆಯಲ್ಲಿ ಆ ಪುನರುಕ್ತಿಯೇ ಸೇತುವೆಯಾಯಿತು.

ಶಿವರಾಮ ಕಾರಂತರ 'ಬಾಲ ಪ್ರಪಂಚ'ದ (1936) ಮೂರು ಸಂಪುಟಗಳ ಹೆಸರನ್ನು ಶಿಕ್ಷಕರು ಗೌರವದಿಂದ ಹೇಳುತ್ತಾರೆ, ಓದಿದವರು ವಿರಳ. ಅದರಲ್ಲಿನ ವಿಜ್ಞಾನದ ವಿವರಗಳು ಹಳೆಯವಾಗುವುದು ಸಹಜ. ಹೆಚ್ಚು ಯೋಚಿಸಬೇಕಾದುದು ಸಿದ್ಧಯ್ಯ ಪುರಾಣಿಕರ (1918-1994) ಸಂಗತಿ. ಅವರು ಹುಟ್ಟಿದ ಯಲಬುರ್ಗಾ ತಾಲೂಕಿನ ದ್ಯಾಂಪುರ 1997ರಲ್ಲಿ ಕೊಪ್ಪಳ ಜಿಲ್ಲೆ ರಚನೆಯಾಗುವವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇತ್ತು. 'ತುಪ್ಪಾ ರೊಟ್ಟಿ ಗೇ ಗೇ ಗೇ'ಯಂಥ ಸಂಕಲನವನ್ನು ಮಕ್ಕಳಿಗೆ ಕೊಟ್ಟ ಈ ನೆಲದ ಕವಿಯ ಹೆಸರು ನಾನು ಕೇಳಿದವರ ಬಾಯಲ್ಲಿ ತಾನಾಗಿ ಬರಲಿಲ್ಲ. ಪದ್ಯದ ತುಣುಕು ಹೇಳಿದಾಗ "ಇದು ನಮ್ಮವರದೇನು?" ಎಂಬ ಅಚ್ಚರಿ. ದೂರದ ಕವಿಗಳು ಪರಿಚಿತರಾಗಿ, ಹತ್ತಿರದ ಕವಿ ಅಪರಿಚಿತನಾಗಿ ಉಳಿದದ್ದಕ್ಕೆ ಗುಣದ ಕಾರಣ ಹುಡುಕುವುದು ವ್ಯರ್ಥ. ಪಠ್ಯಕ್ರಮವೇ ಓದುಗರ ನೆನಪನ್ನು ಕಟ್ಟಿದೆ. ಆ ನೆನಪನ್ನೇ ನಾವು ಅಭಿರುಚಿ ಎಂದು ಕರೆಯುತ್ತಿದ್ದೇವೆ.

ಕೊನೆಗೆ, ಹಳೆಯ ಪಠ್ಯಗಳನ್ನು ತಿದ್ದಬೇಕೇ ಎಂಬ ಪ್ರಶ್ನೆ. 2023ರಲ್ಲಿ ಇಂಗ್ಲೆಂಡಿನಲ್ಲಿ ರೋಆಲ್ಡ್ ಡಾಲ್ ಅವರ ಮಕ್ಕಳ ಕೃತಿಗಳ ಪದಗಳನ್ನು ಪ್ರಕಾಶಕರು ಬದಲಿಸಿದಾಗ ದೊಡ್ಡ ವಿವಾದವೆದ್ದು, ಮೂಲ ಆವೃತ್ತಿಯನ್ನೂ ಜೊತೆಗೇ ಮುದ್ರಿಸುವುದಾಗಿ ಅವರು ಪ್ರಕಟಿಸಬೇಕಾಯಿತು. ಅಲ್ಲಿ ಕನಿಷ್ಠ ಬದಲಾವಣೆ ಬಹಿರಂಗವಾಯಿತು. ನಮ್ಮಲ್ಲಿ ಪದ್ಯವನ್ನು ಪಠ್ಯಕ್ಕೆ ಅಳವಡಿಸುವಾಗ ಬಿಟ್ಟ ನುಡಿಗಳ ಸೂಚನೆಯನ್ನು ಕೊಡುವ ಪದ್ಧತಿ ಬೆಳೆದಿಲ್ಲ. ಕಿಂದರಿಜೋಗಿಯ ಕೊನೆಯನ್ನು ಬದಲಿಸಬಹುದೇ ಎಂದು ಆ ತಾಯಿಯನ್ನು ನಾನು ಕೇಳಿದೆ. ಬೇಡವೆಂದರು. "ಬದಲಿ ಮಾಡಿದ್ರ ಗೌಡ ಮಾಡಿದ್ದು ಮುಚ್ಚಿಹೋಗತೈತ್ರಿ. ಹಂಗೇ ಇರಲಿ. ಹುಡುಗ್ರು ಕೇಳಿದಾಗ ಮಾಸ್ತರು ಸುಮ್ಮನ ಕುಂದ್ರು ಅನ್ನಬಾರದು, ಅಷ್ಟ."